ಅಂಗೈ ಮೇಲಿನ ಎತ್ತು, ಮೇಜಿನ ಮೇಲಿನ ವೀರ

ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಬರುವುದು ಮಣ್ಣೆತ್ತಿನ ಅಮಾವಾಸ್ಯೆ. ಅದರ ಹಿಂದಿನ ದಿನ ರೋಣ, ನರಗುಂದ, ಗಜೇಂದ್ರಗಡ ಯಾವ ಪೇಟೆಗೆ ಹೋದರೂ ಬುಟ್ಟಿ ಮುಂದಿಟ್ಟುಕೊಂಡು ಕುಳಿತ ಕುಂಬಾರ ಹೆಣ್ಣುಮಕ್ಕಳು ಕಾಣಸಿಗುತ್ತಾರೆ. ಬುಟ್ಟಿಯ ತುಂಬ ಎತ್ತು. ಅಂಗೈ ಮೇಲೆ ನಿಲ್ಲುವಷ್ಟು ಸಣ್ಣವು, ಜೋಡಿ ಜೋಡಿಯಾಗಿಯೇ ಮಾರಾಟ. ಜೊತೆಗೊಂದು ಮಣ್ಣಿನ ಗ್ವಾದಲಿ. ಕೊಳ್ಳಲು ಬಂದ ಹುಡುಗರ ಪರೀಕ್ಷೆ ದನದ ಸಂತೆಯ ದಲ್ಲಾಳಿಗಳ ಪರೀಕ್ಷೆಗೇನೂ ಕಡಿಮೆಯಲ್ಲ. ಇಣಿ ಸರಿಯಾಗಿದೆಯೇ, ಕೋಡು ಸಮ ಇವೆಯೇ, ಜೋಡಿ ಒಂದೇ ಎತ್ತರವೇ ಎಂದು ತಿರುಗಿಸಿ ಮುರುಗಿಸಿ ನೋಡುತ್ತಾರೆ.

"ಯವ್ವಾ, ಇದರ ಕೋಡು ಸೊಟ್ಟ ಐತಿ."

"ಸೊಟ್ಟ ಇದ್ರ ಇರ್ಲಿ ತಮ್ಮಾ, ಅದೂ ಗಳೇ ಹೊಡೀತೈತಿ."

ಈ ಉತ್ತರ ಬರೀ ವ್ಯಾಪಾರದ ಜಾಣತನವಲ್ಲ. ಮಣ್ಣಿನ ಎತ್ತು ಗಳೇ ಹೊಡೆಯುವುದಿಲ್ಲವೆಂದು ಹುಡುಗನಿಗೂ ಗೊತ್ತು, ಮಾರುವವಳಿಗೂ ಗೊತ್ತು. ಆದರೂ ಹೊಡೆಯುತ್ತದೆ ಎಂದುಕೊಂಡೇ ಇಬ್ಬರೂ ಮಾತಾಡುತ್ತಾರೆ. ಈ 'ಎಂದುಕೊಳ್ಳುವಿಕೆ'ಯ ಮೇಲೆಯೇ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಒಂದು ದೊಡ್ಡ ಆಟ, ಆ ಆಟದ ಸುತ್ತ ಒಂದು ದೊಡ್ಡ ಹವ್ಯಾಸ ಬೆಳೆದು ನಿಂತಿದೆ. ಮೇಜಿನ ಸುತ್ತ ಕುಳಿತು ಆಡುವ ಪಾತ್ರಧಾರಣೆಯ ಆಟ ಅದು. ಅದರಲ್ಲಿ ಬಳಸುವ ಸಣ್ಣ ಗೊಂಬೆಗಳಿಗೆ 'ಮಿನಿಯೇಚರ್' ಎಂದು ಹೆಸರು.

ಆಟವೆಂದರೆ ಏನು?

'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದನ್ನು ರೂಪಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಮೊದಲ ಸಲ ಅಚ್ಚಾದದ್ದು ಕೇವಲ ಒಂದು ಸಾವಿರ ಪ್ರತಿ. ಚದುರಂಗದಂತೆ ಇದರಲ್ಲಿ ಎದುರಾಳಿಯಿಲ್ಲ. ಕೊನೆಗೆ ಒಬ್ಬ ಗೆದ್ದ, ಒಬ್ಬ ಸೋತ ಎಂಬ ತೀರ್ಪೂ ಇಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬ ಕಥೆ ನಡೆಸುವವ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ: ಒಬ್ಬ ಯೋಧ, ಒಬ್ಬ ಮಂತ್ರವಾದಿ, ಇನ್ನೊಬ್ಬ ಕಳ್ಳ. "ನಿಮ್ಮ ಮುಂದೆ ಒಂದು ಗವಿ ಇದೆ, ಒಳಗಿನಿಂದ ಹೊಗೆ ಬರುತ್ತಿದೆ, ಏನು ಮಾಡುತ್ತೀರಿ?" ಎಂದು ಕಥೆಗಾರ ಕೇಳುತ್ತಾನೆ. ಆಟಗಾರ ತನ್ನ ಪಾತ್ರದ ಬಾಯಿಂದ ಉತ್ತರ ಹೇಳಬೇಕು. ಹೇಳಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ನಮ್ಮ ಪಗಡೆಯ ಉದ್ದ ದಾಳಕ್ಕೆ ನಾಲ್ಕು ಮುಖ. ಇವರ ಮುಖ್ಯ ದಾಳಕ್ಕೆ ಇಪ್ಪತ್ತು.

ಎಲ್ಲವೂ ಮಾತಿನಲ್ಲೇ ನಡೆಯುವ ಈ ಆಟಕ್ಕೆ ಗೊಂಬೆ ಯಾಕೆ ಬೇಕು? ನಿಜ ಹೇಳಬೇಕೆಂದರೆ ಬೇಕೇ ಬೇಕೆಂದಿಲ್ಲ. ಆಟದ ಮೊದಲ ಪುಸ್ತಕವೇ ಗೊಂಬೆಗಳು ಕಡ್ಡಾಯವಲ್ಲ, ಇದ್ದರೆ ನೋಟಕ್ಕೆ ಚೆಂದ ಎಂಬರ್ಥದ ಮಾತು ಹೇಳಿತ್ತು. ಆದರೂ ಜನ ಗೊಂಬೆ ಬಿಡಲಿಲ್ಲ. ಅದಕ್ಕೆ ಕಾರಣ ಆಟದ ಹುಟ್ಟಿನಲ್ಲೇ ಇದೆ.

ದಂಡಿನಿಂದ ಒಬ್ಬ ವೀರನಿಗೆ

ಪ್ರಷ್ಯದ ಸೈನ್ಯಾಧಿಕಾರಿಗಳಿಗೆ ಯುದ್ಧ ಕಲಿಸಲೆಂದು 1824ರಲ್ಲಿ ರೈಸ್ವಿಟ್ಸ್ ಎಂಬ ಅಧಿಕಾರಿ ಒಂದು ಆಟದ ನಿಯಮ ಪ್ರಕಟಿಸಿದ. ನಕಾಶೆಯ ಮೇಲೆ ಸಣ್ಣ ಸಣ್ಣ ತುಂಡುಗಳೇ ದಂಡು. ಎರಡು ಪಕ್ಷಗಳ ನಡುವೆ ಒಬ್ಬ ಪಂಚ. ಯಾರಿಗೆ ಏನು ಕಾಣಿಸಬೇಕು, ಯಾವ ಹೊಡೆತಕ್ಕೆ ಎಷ್ಟು ಜನ ಬಿದ್ದರು ಎಂದು ಹೇಳುವವನು ಈ ಪಂಚನೇ. ಮುಂದೆ 1913ರಲ್ಲಿ ಪ್ರಸಿದ್ಧ ಲೇಖಕ ಎಚ್.ಜಿ. ವೆಲ್ಸ್ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದು, ಮಕ್ಕಳ ಸೀಸದ ಸಿಪಾಯಿಗಳನ್ನು ನೆಲದ ಮೇಲೆ ಹರಡಿ ದೊಡ್ಡವರೂ ಯುದ್ಧವಾಡುವ ಬಗೆ ತೋರಿಸಿದರು.

ಗೈಗ್ಯಾಕ್ಸ್ ಬೆಳೆದದ್ದು ಇಂಥ ಆಟಗಾರರ ನಡುವೆ. 1971ರಲ್ಲಿ ಅವರು ಜೆಫ್ ಪೆರೆನ್ ಜೊತೆಗೂಡಿ ಮಧ್ಯಯುಗದ ಯುದ್ಧಕ್ಕೆ 'ಚೈನ್‌ಮೇಲ್' ಎಂಬ ನಿಯಮಾವಳಿ ತಂದರು. ಅದರ ಕೊನೆಗೆ ರಾಕ್ಷಸರು, ಮಂತ್ರವಾದಿಗಳು, ಬೆಂಕಿಯುಗುಳುವ ಡ್ರ್ಯಾಗನ್‌ಗಳಿಗೂ ಒಂದು ಅಧ್ಯಾಯ ಸೇರಿಸಿದರು. ಅಲ್ಲಿಂದ ಮುಂದೆ ಆದ ಬದಲಾವಣೆ ಚಿಕ್ಕದು, ಆದರೆ ಪರಿಣಾಮ ದೊಡ್ಡದು. ಒಂದು ಗೊಂಬೆ ಎಂದರೆ ಇಪ್ಪತ್ತು ಸಿಪಾಯಿಗಳ ತುಕಡಿ ಎಂಬ ಲೆಕ್ಕ ಹೋಗಿ, ಒಂದು ಗೊಂಬೆ ಎಂದರೆ ಒಬ್ಬನೇ ಮನುಷ್ಯ ಎಂದಾಯಿತು. ಒಬ್ಬನೇ ಆದ ಮೇಲೆ ಅವನಿಗೊಂದು ಹೆಸರು ಬೇಕಾಯಿತು; ಹೆಸರಿನ ಹಿಂದೆ ಸ್ವಭಾವ, ಸಿಟ್ಟು, ಸಾಲ, ಸ್ನೇಹ ಎಲ್ಲವೂ ಬಂದವು. ರೈಸ್ವಿಟ್ಸನ ಪಂಚನೇ ಈಗ ಕಥೆಗಾರನಾದ.

ಹೊಸ ಆಟಕ್ಕೆ ಬೇಕಾದ ಗೊಂಬೆಗಳು ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಗೈಗ್ಯಾಕ್ಸ್ ಅಗ್ಗದ ಅಂಗಡಿಯಲ್ಲಿ ಹಾಂಗ್‌ಕಾಂಗ್‌ನ ಪ್ಲಾಸ್ಟಿಕ್ ಪ್ರಾಣಿಗಳ ಒಂದು ಚೀಲ ಕೊಂಡರು. 'ಇತಿಹಾಸಪೂರ್ವ ಪ್ರಾಣಿಗಳು' ಎಂಬ ಹೆಸರಿನಲ್ಲಿ ಮಾರುತ್ತಿದ್ದ ಆ ಆಟಿಕೆಗಳು ಯಾವ ಪ್ರಾಣಿಯನ್ನೂ ಹೋಲುತ್ತಿರಲಿಲ್ಲ. ಹೋಲದಿರುವುದೇ ಒಳ್ಳೆಯದಾಯಿತು. ಒಂದಕ್ಕೆ ಕಬ್ಬಿಣ ತಿಂದು ತುಕ್ಕು ಹಿಡಿಸುವ ಗುಣ ಕೊಟ್ಟರು. ಇನ್ನೊಂದು ಕರಡಿಯ ಮೈ, ಗೂಬೆಯ ತಲೆಯ ಮೃಗವಾಯಿತು. ಸೊಟ್ಟ ಗೊಂಬೆಗಳಿಗೆ ಹೀಗೆ ಸೊಟ್ಟ ಕಥೆಗಳು ಹುಟ್ಟಿಕೊಂಡವು. ಇಂದಿಗೂ ಆ ಆಟದ ಪುಸ್ತಕಗಳಲ್ಲಿ ಅವು ಹೆಸರಾಂತ ಪ್ರಾಣಿಗಳು.

ಮುಂದೆ ಗೊಂಬೆ ಎರಕ ಹೊಯ್ಯುವ ಕಂಪೆನಿಗಳು ಹುಟ್ಟಿದವು. ಎತ್ತರ ಸುಮಾರು 25ರಿಂದ 28 ಮಿಲಿಮೀಟರ್, ಎಂದರೆ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು. ಮೇಜಿನ ಮೇಲೆ ಚೌಕುಳಿ ಎಳೆದ ಹಾಳೆ. ಒಂದು ಅಂಗುಲದ ಚೌಕ ಎಂದರೆ ಕಥೆಯಲ್ಲಿ ಐದು ಅಡಿ. ಯಾರು ಎಲ್ಲಿ ನಿಂತಿದ್ದಾರೆ, ಬಾಣ ಮುಟ್ಟುತ್ತದೆಯೇ, ಓಡಿದರೆ ಬಾಗಿಲು ಸಿಗುತ್ತದೆಯೇ ಎಂಬ ಜಗಳವೆಲ್ಲ ಇದರಿಂದ ಬಗೆಹರಿಯುತ್ತದೆ. ಗೊಂಬೆಯ ಮೊದಲ ಕೆಲಸ ಇದು: ಹತ್ತು ಜನರ ಕಲ್ಪನೆಯನ್ನು ಒಂದೇ ಜಾಗದಲ್ಲಿ ನಿಲ್ಲಿಸುವುದು.

ಹುಣಸೆ ಬೀಜ ಸಾಲದೇ?

ಜಾಗ ತೋರಿಸುವುದಷ್ಟೇ ಕೆಲಸವಾಗಿದ್ದರೆ ಒಂದು ಹರಳು ಸಾಕಿತ್ತು. ನಮ್ಮ ಗುಡಿಯ ಕಟ್ಟೆಯ ಮೇಲೆ ಹುಲಿ-ಕುರಿ ಆಡುವವರು ಮೂರು ದೊಡ್ಡ ಕಲ್ಲಿಗೆ ಹುಲಿ ಎನ್ನುತ್ತಾರೆ, ಹದಿನೈದು ಸಣ್ಣ ಹರಳಿಗೆ ಕುರಿ ಎನ್ನುತ್ತಾರೆ. ಚೌಕಾಬಾರಕ್ಕೆ ಬಳೆಚೂರು, ಹುಣಸೆ ಬೀಜ ಏನಾದರೂ ನಡೆಯುತ್ತದೆ. ಹಂಪಿಯ ಮಂಟಪಗಳ ಹಾಸುಗಲ್ಲಿನ ಮೇಲೆ ಕೊರೆದ ಆಟದ ಮನೆಗಳು ಇಂದಿಗೂ ಇವೆ; ಆಡಿದ ಕಾಯಿಗಳು ಉಳಿದಿಲ್ಲ. ಕಾಯಿಯನ್ನು ಯಾರೂ ಕಾಯ್ದಿಡಲಿಲ್ಲ, ಏಕೆಂದರೆ ಒಂದು ಹರಳಿನ ಬದಲು ಇನ್ನೊಂದು ಹರಳು ಇಟ್ಟರೂ ಆಟಕ್ಕೆ ಧಕ್ಕೆಯಿಲ್ಲ.

ಮಣ್ಣೆತ್ತು ಹಾಗಲ್ಲ. ಪೂಜೆಯಾದ ಎತ್ತಿನ ಬದಲು ನೆರೆಮನೆಯ ಎತ್ತು ತಂದಿಟ್ಟರೆ ಮಗು ಒಪ್ಪುವುದಿಲ್ಲ. ಕಾಯಿಗೂ ಗೊಂಬೆಗೂ ಇರುವ ವ್ಯತ್ಯಾಸ ಇಲ್ಲಿದೆ. ಕಾಯಿ ನಿಯಮದ ಆಳು. ಗೊಂಬೆ ಕಥೆಯ ಪಾತ್ರ. ಪಡುವಣದ ಆಟಗಾರ ತನ್ನ ಒಂದು ಅಂಗುಲದ ಯೋಧನಿಗೆ ಕೂದಲೆಳೆಯ ಕುಂಚದಿಂದ ಬಣ್ಣ ಹಚ್ಚಲು ಸಂಜೆಗಟ್ಟಲೆ ಕೂಡುವುದೂ ಇದೇ ಕಾರಣಕ್ಕೆ. ಬಣ್ಣ ಹಚ್ಚಿದ ಮೇಲೆ ಅದು ಯಾವನೋ ಯೋಧನಲ್ಲ, ತನ್ನವನು.

ಕುಂಟೆತ್ತಿನ ಪಾತ್ರ

ನಮ್ಮ ಭಾಗದಲ್ಲಿ ಈ ಪಾತ್ರಧಾರಣೆ ಪೂಜೆಗೇ ಮುಗಿಯುವುದಿಲ್ಲ. ಅಮಾವಾಸ್ಯೆಯ ದಿನ ಎರೆಮಣ್ಣಿನ ಎತ್ತುಗಳನ್ನು ಜಗಲಿಯ ಮೇಲಿಟ್ಟು, ಗ್ವಾದಲಿಯಲ್ಲಿ ಕಾಳು ಹಾಕಿ, ಹೋಳಿಗೆಯೋ ಕಡಬೋ ಎಡೆ ಹಿಡಿಯುತ್ತಾರೆ. ಮರುದಿನದ ಆಟ ಹುಡುಗರದು. ಒಂದು ಎತ್ತಿನ ಕಾಲು ಮುರಿದು ಅದನ್ನು ಕುಂಟೆತ್ತು ಮಾಡುತ್ತಾರೆ. ಅದನ್ನು ಹಲಗೆಯ ಮೇಲೋ ತಟ್ಟೆಯಲ್ಲೋ ಇಟ್ಟುಕೊಂಡು ಓಣಿ ಓಣಿ ತಿರುಗುತ್ತಾರೆ. ಕುಂಟೆತ್ತು ಬಂದಿದೆ, ಅದಕ್ಕೆ ಮೇವಿಲ್ಲ, ದುಡಿಯಲಾರದು, ಏನಾದರೂ ನೀಡಿರಿ ಎಂದು ಹಾಡಿನ ಧಾಟಿಯಲ್ಲಿ ಕೇಳುತ್ತಾರೆ. ಮನೆಯವರು ನಗುತ್ತಲೇ ಜೋಳ, ಕಾಳು, ಚಿಲ್ಲರೆ ನೀಡುತ್ತಾರೆ. ಕೂಡಿದ್ದನ್ನು ಹುಡುಗರು ಒಟ್ಟಾಗಿ ಅಡುಗೆ ಮಾಡಿಕೊಂಡು ಉಣ್ಣುವುದುಂಟು.

ಇದನ್ನು ಸ್ವಲ್ಪ ಬಿಡಿಸಿ ನೋಡಿ. ಅಂಗೈಯಗಲದ ಗೊಂಬೆಯೊಂದಕ್ಕೆ ಒಂದು ಊನ ಕೊಟ್ಟು, ಆ ಊನದಿಂದ ಒಂದು ಕಥೆ ಕಟ್ಟಿ, ಹುಡುಗರು ಆ ಎತ್ತಿನ ಪರವಾಗಿ ಮಾತಾಡುತ್ತಾರೆ. ಬಾಗಿಲಲ್ಲಿ ನಿಂತ ತಾಯಿಯೂ ಆಟದೊಳಗೆ ಬರುತ್ತಾಳೆ. ಅವಳಿಗೂ ಒಂದು ಪಾತ್ರ ಸಿಗುತ್ತದೆ. ಆಕೆ ಎಷ್ಟು ನೀಡುತ್ತಾಳೆ ಎಂಬುದು ಹುಡುಗರ ಮಾತಿನ ಚಮತ್ಕಾರದ ಮೇಲೆ ನಿಂತಿದೆ. ಸೋತವರಿಲ್ಲ, ಕೊನೆಗೆ ಊಟವಿದೆ. ಪಾತ್ರಧಾರಣೆಯ ಆಟ ಎಂದರೆ ಇದಲ್ಲದೆ ಇನ್ನೇನು? ಪುಸ್ತಕ, ದಾಳ ಇಲ್ಲ ಎಂಬುದಷ್ಟೇ ವ್ಯತ್ಯಾಸ.

ಇದು ಒಂದು ದಿನದ ಮಾತೂ ಅಲ್ಲ. ಉತ್ತರ ಕರ್ನಾಟಕದಲ್ಲಿ ಮಳೆಗಾಲಕ್ಕೆ ಐದು ಮಣ್ಣಿನ ಪೂಜೆ ಎನ್ನುತ್ತಾರೆ: ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ್ಪ, ಜೋಕುಮಾರ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣು ತಂದು ಗುಳ್ಳವ್ವನನ್ನು ಮಾಡಿ, ಹೂವು, ಗುಲಗಂಜಿಯಿಂದ ಸಿಂಗರಿಸಿ, ಮನೆಮನೆಗೆ ಹೋಗಿ ಹಾಡುತ್ತಾರೆ. ಭಾದ್ರಪದದಲ್ಲಿ ಅಗಲ ಕಣ್ಣಿನ ಜೋಕುಮಾರ ಬೇವಿನೆಲೆಯ ಬುಟ್ಟಿಯಲ್ಲಿ ಕುಳಿತು ಹೆಣ್ಣುಮಕ್ಕಳ ತಲೆಯ ಮೇಲೆ ಊರೂರು ತಿರುಗುತ್ತಾನೆ. ಅವನ ಆಯುಷ್ಯ ಏಳೇ ದಿನ. ಹುಣ್ಣಿಮೆಯ ರಾತ್ರಿ ಅವನ ಸಾವು. ಹುಟ್ಟು, ತಿರುಗಾಟ, ತಪ್ಪು, ಸಾವು ಎಲ್ಲವೂ ಇರುವ ಇಡೀ ಕಥೆಯನ್ನು ಒಂದು ಮಣ್ಣಿನ ಮೂರ್ತಿಯ ಸುತ್ತ ಊರೇ ಕೂಡಿ ನಡೆಸುತ್ತದೆ. ಇವನ್ನು ಬರೀ ಆಟವೆಂದರೆ ತಪ್ಪಾದೀತು, ಇವು ನಂಬಿಕೆಗಳು. ಆದರೆ ನಂಬಿಕೆ ಮತ್ತು ಆಟದ ನಡುವಿನ ಗೋಡೆ ಮಕ್ಕಳ ಮಟ್ಟಿಗೆ ಎಂದೂ ಎತ್ತರವಾಗಿರಲಿಲ್ಲ.

ಅಚ್ಚಿನ ಸಂಗತಿ

ಗೊಂಬೆ ಮಾಡುವ ಕೌಶಲದಲ್ಲೂ ನಾವು ಹಿಂದೆ ಬಿದ್ದವರಲ್ಲ. ಗೌರಿ ಹುಣ್ಣಿಮೆಗೆ ಈ ಭಾಗದ ಪೇಟೆಗಳಲ್ಲಿ ಸಕ್ಕರೆ ಆರತಿ ಬರುತ್ತದೆ. ಆನೆ, ಕುದುರೆ, ಒಂಟೆ, ನವಿಲು, ಗಿಳಿ, ತೇರು ಎಲ್ಲವೂ ಸಕ್ಕರೆಯವೇ. ಅದನ್ನು ಮಾಡುವ ಬಗೆ ಹೀಗೆ: ಎರಡು ಹೋಳಿನ ಕಟ್ಟಿಗೆಯ ಅಚ್ಚನ್ನು ಮೊದಲು ನೀರಿನಲ್ಲಿ ನೆನೆಹಾಕುತ್ತಾರೆ. ನೆನೆಯದ ಅಚ್ಚಿಗೆ ಪಾಕ ಅಂಟಿಕೊಳ್ಳುತ್ತದೆ. ಕುದಿಯುವ ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಹದ ಬಂದಾಗ ಬಿಗಿದು ಕಟ್ಟಿದ ಅಚ್ಚಿಗೆ ಹೊಯ್ಯುತ್ತಾರೆ. ಆರಿದ ಮೇಲೆ ಬಿಚ್ಚಿದರೆ ಗೊಂಬೆ. ಮದುವೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯೊಂದಿಗೆ ಸಕ್ಕರೆ ಆರತಿ ಒಯ್ಯುವ ಪದ್ಧತಿಯೂ ಇದೆ.

ಮೇಜಿನಾಟದ ಲೋಹದ ಗೊಂಬೆಯ ಹುಟ್ಟೂ ಹೆಚ್ಚುಕಡಿಮೆ ಹೀಗೆಯೇ. ಅಲ್ಲಿ ಅಚ್ಚು ರಬ್ಬರಿನದು, ಪಾಕ ಸೀಸ-ತವರದ್ದು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ, ತವರ 232 ಡಿಗ್ರಿಗೆ ಕರಗುವುದರಿಂದ ಸಣ್ಣ ಕಾರ್ಖಾನೆಯಲ್ಲೂ ಎರಕ ಸಾಧ್ಯವಾಯಿತು. ಅಚ್ಚನ್ನು ಗರಗರ ತಿರುಗಿಸುತ್ತ ಲೋಹ ಹೊಯ್ದರೆ ಅದು ಕತ್ತಿಯ ತುದಿಯವರೆಗೂ ನುಗ್ಗುತ್ತದೆ. ಆದರೆ ಸೀಸ ವಿಷ. ಮಕ್ಕಳ ಕೈಗೆ ಸಿಗುವ ವಸ್ತುವಿನಲ್ಲಿ ಅದಿರಬಾರದೆಂಬ ಒತ್ತಾಯ ಹೆಚ್ಚಿದಾಗ, 1990ರ ದಶಕದಲ್ಲಿ ತಯಾರಕರು ಸೀಸವಿಲ್ಲದ ಮಿಶ್ರಲೋಹಕ್ಕೂ ಪ್ಲಾಸ್ಟಿಕ್ಕಿಗೂ ತಿರುಗಿದರು. ಹಳೆಯ ಗೊಂಬೆ ಸಂಗ್ರಹಿಸುವವರು ಈಗಲೂ ಅದನ್ನು ಮುಟ್ಟಿದ ಮೇಲೆ ಕೈ ತೊಳೆಯುವುದು ಒಳ್ಳೆಯದು.

ಕಾಯ್ದಿಡುವ ಗೊಂಬೆ ಬೇಕೆನ್ನುವವರಿಗೆ ಪಕ್ಕದ ಕೊಪ್ಪಳ ಜಿಲ್ಲೆಯಲ್ಲೇ ಕಿನ್ನಾಳವಿದೆ. ಅಲ್ಲಿಯ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಸರಿಯಿಂದ ತುಂಡು ಜೋಡಿಸಿ, ಮೇಲೆ ಬಣ್ಣ ಕೊಟ್ಟು ಮಾಡುವ ಗೊಂಬೆಗಳಿಗೆ ಭೌಗೋಳಿಕ ಗುರುತು ಸಿಕ್ಕಿದೆ.

ಗುಡ್ಡದ ಮೇಲೆ ಕೋಟೆ, ಅಂಗಳದಲ್ಲಿ ಕಥೆ

ಬೆಳಗಾವಿಯ ಮಕ್ಕಳು ದೀಪಾವಳಿಗೆ ಅಂಗಳದಲ್ಲಿ ಕಲ್ಲುಮಣ್ಣಿನ 'ಕಿಲ್ಲೆ' ಕಟ್ಟುತ್ತಾರೆ. ಮೆತ್ತಿದ ಮಣ್ಣಿನಲ್ಲಿ ರಾಗಿಯೋ ಸಾಸಿವೆಯೋ ಚೆಲ್ಲಿ ಹಸಿರು ಬರಿಸಿ, ಪೇಟೆಯಿಂದ ತಂದ ಶಿವಾಜಿ, ಮಾವಳೆ ಸಿಪಾಯಿ, ಕುದುರೆ, ತೋಪುಗಳನ್ನು ನಿಲ್ಲಿಸುತ್ತಾರೆ. ವರ್ಷ ವರ್ಷ ಒಂದೆರಡು ಹೊಸ ಸಿಪಾಯಿ ಸೇರಿ ದಂಡು ದೊಡ್ಡದಾಗುತ್ತದೆ. ಮಹಾರಾಷ್ಟ್ರದಿಂದ ಬಂದ ರೂಢಿಯಿದು. ಮಿನಿಯೇಚರ್ ಸಂಗ್ರಹಕ್ಕೆ ಇಷ್ಟು ಹತ್ತಿರದ ಹವ್ಯಾಸ ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ ಎನ್ನಬಹುದು.

ನರಗುಂದ, ಗಜೇಂದ್ರಗಡಗಳ ಮಕ್ಕಳಿಗೆ ಕಿಲ್ಲೆ ಕಟ್ಟುವ ತೊಂದರೆಯೇ ಇಲ್ಲ. ತಲೆ ಎತ್ತಿದರೆ ನಿಜವಾದ ಕೋಟೆಯೇ ಇದೆ. ಗಜೇಂದ್ರಗಡದ ಹೆಸರಿನಲ್ಲಿ 1787ರಲ್ಲಿ ಮರಾಠರಿಗೂ ಟಿಪ್ಪು ಸುಲ್ತಾನನಿಗೂ ಒಪ್ಪಂದವಾಯಿತು. ನರಗುಂದದ ಕಥೆಯಂತೂ ಇನ್ನೂ ಹತ್ತಿರದ್ದು. ಸಂತಾನವಿಲ್ಲದ ದೊರೆ ಬಾಬಾಸಾಹೇಬ ಭಾವೆಗೆ ದತ್ತು ತೆಗೆದುಕೊಳ್ಳಲು ಬ್ರಿಟಿಷರು ಅನುಮತಿ ಕೊಡಲಿಲ್ಲ. ಅದರ ಮೇಲೆ ಶಸ್ತ್ರ ಒಪ್ಪಿಸಬೇಕೆಂಬ ಆಜ್ಞೆ ಬಂತು. 1858ರ ಮೇ ಕೊನೆಯಲ್ಲಿ ಅಧಿಕಾರಿ ಮ್ಯಾನ್ಸನ್ ಸುರೇಬಾನದಲ್ಲಿ ಕೊಲೆಯಾದ. ಕೆಲವೇ ದಿನಗಳಲ್ಲಿ ನರಗುಂದ ಬಿತ್ತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಅವನ ತಾಯಿ, ಹೆಂಡತಿ ಮಲಪ್ರಭೆಯಲ್ಲಿ ಪ್ರಾಣ ಬಿಟ್ಟರು.

ಈ ಪಾಠವನ್ನು ನಮ್ಮ ಶಾಲೆಗಳಲ್ಲಿ ಇಸವಿಗಳ ಪಟ್ಟಿಯಾಗಿ ಬಾಯಿಪಾಠ ಮಾಡಿಸುತ್ತೇವೆ. ಅದನ್ನೇ ಗೊಂಬೆಗಳಿಂದ ಆಡಿಸಿದರೆ? ಕುಂಬಾರರ ಮನೆಯ ಒಂದು ಮುದ್ದೆ ಮಣ್ಣು ಸಾಕು. ಹತ್ತು ಮಕ್ಕಳು ಹತ್ತು ಗೊಂಬೆ ಮಾಡಲಿ: ದೊರೆ, ತಾಯಿ, ಹೆಂಡತಿ, ಕಾರಭಾರಿ, ತೋಪಿನವ, ಮುಂಡರಗಿ ಭೀಮರಾಯನ ಕಡೆಗೆ ಓಡುವ ಜಾಸೂದ, ಕೋಟೆಗೆ ಕಾಳು ಕೊಡಬೇಕಾದ ರೈತ. ಗುರುಗಳೇ ಕಥೆಗಾರ. "ತೋಪು ಕೊಡಿ ಎಂದು ಪತ್ರ ಬಂದಿದೆ, ಏನು ಮಾಡುತ್ತೀರಿ?" ಎಂದು ಅವರು ಕೇಳಲಿ. ಮಕ್ಕಳು ತಂತಮ್ಮ ಗೊಂಬೆಯ ಬಾಯಿಂದ ವಾದ ಮಾಡಲಿ. ಜಾಸೂದ ಸಿಕ್ಕಿಬಿದ್ದನೋ ಪಾರಾದನೋ ಎಂಬುದಕ್ಕೆ ನಾಲ್ಕು ಕವಡೆ ಹಾಕಲಿ. ಮಕ್ಕಳ ಆಟದಲ್ಲಿ ನರಗುಂದ ಉಳಿಯಲೂಬಹುದು. ಆಟ ಮುಗಿದ ಮೇಲೆ ನಿಜವಾಗಿ ಆದದ್ದೇನು ಎಂದು ಗುರುಗಳು ಹೇಳಿದರೆ, ಆ ಇಸವಿ ಮತ್ತೆ ಮರೆಯುವುದಿಲ್ಲ. ರೈತನ ಗೊಂಬೆ ಹಿಡಿದ ಹುಡುಗಿ ಕೇಳುವ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲದೆಯೂ ಇರಬಹುದು.

ಇಟ್ಟುಕೊಳ್ಳುವುದೋ, ಬಿಟ್ಟುಕೊಡುವುದೋ

ಎರಡು ಲೋಕಗಳ ನಡುವೆ ಒಂದು ದೊಡ್ಡ ಭೇದವನ್ನು ಹೇಳದೆ ಈ ಮಾತು ಪೂರ್ತಿಯಾಗದು. ಪಡುವಣದ ಗೊಂಬೆ ಕಪಾಟಿನಲ್ಲಿ ಉಳಿಯುತ್ತದೆ. ನೂರಾರು, ಸಾವಿರಾರು ಗೊಂಬೆ ಕೂಡಿಸಿ, ಬಣ್ಣ ಹಚ್ಚದೆಯೇ ಇಟ್ಟುಕೊಂಡವರೂ ಇದ್ದಾರೆ. ನಮ್ಮ ಮಣ್ಣೆತ್ತು ಕೆಲವೇ ದಿನಗಳಲ್ಲಿ ಬಾವಿಗೋ ಹಳ್ಳಕ್ಕೋ ಹೊಲಕ್ಕೋ ಹೋಗುತ್ತದೆ. ಎರೆಯಿಂದ ಬಂದದ್ದು ಎರೆಗೆ ಸೇರುತ್ತದೆ. ಮುಂದಿನ ವರ್ಷ ಮತ್ತೆ ಹೊಸ ಎತ್ತು ಬೇಕು. ಆದ್ದರಿಂದಲೇ ಮುಂದಿನ ವರ್ಷವೂ ಕುಂಬಾರನಿಗೆ ಕೆಲಸ, ಮಗುವಿಗೆ ಮಣ್ಣು ಮುಟ್ಟುವ ಅವಕಾಶ.

ಈ ಚಕ್ರಕ್ಕೆ ಈಗ ಎರಡು ಕಡೆಯಿಂದ ಪೆಟ್ಟು. ಒಂದು, ಅಚ್ಚಿನಲ್ಲಿ ತೆಗೆದ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಬಣ್ಣದ ಎತ್ತುಗಳು. ನೀರಿಗೆ ಬಿಟ್ಟರೆ ಅವು ಮಣ್ಣಿನಂತೆ ಕರಗುವುದಿಲ್ಲ. ಗಣಪತಿಯ ವಿಷಯದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅದನ್ನು ನಿಷೇಧಿಸಿದ್ದರೂ ಅಂಗೈಯಗಲದ ಎತ್ತಿನ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಇನ್ನೊಂದು ಪೆಟ್ಟು ಹೆಚ್ಚು ಆಳದ್ದು. ಎರೆ ಹೊಲಗಳಲ್ಲಿ ಟ್ರ್ಯಾಕ್ಟರ್ ಗಳೇ ಹೊಡೆಯುತ್ತಿದೆ. ಹಟ್ಟಿಯಲ್ಲಿ ಎತ್ತು ಕಟ್ಟಿದ ಮನೆಗಳು ಕಡಿಮೆಯಾಗುತ್ತಿವೆ.

ಮೇಜಿನಾಟದ ಡ್ರ್ಯಾಗನ್ ಎಂದೂ ಇರಲಿಲ್ಲ. ಗೊಂಬೆ ಇರುವುದರಿಂದಲೇ ಅದು ಇದೆ. ನಮ್ಮ ಮಣ್ಣೆತ್ತು ಅದರ ತದ್ವಿರುದ್ಧ. ಹೊರಗೆ ಹಟ್ಟಿಯಲ್ಲಿ ಎತ್ತು ಇತ್ತು, ಅದಕ್ಕಾಗಿ ಒಳಗೆ ಜಗಲಿಯ ಮೇಲೆ ಗೊಂಬೆ ಬಂತು. ಈಗ ಹಟ್ಟಿ ಖಾಲಿಯಾಗುತ್ತ ಹೋದಂತೆ, ಜೋಡೆತ್ತನ್ನು ಮಣ್ಣಿನಲ್ಲಿ ಮಾತ್ರ ನೋಡಿ ಬೆಳೆಯುವ ಮಕ್ಕಳ ಕಾಲ ಬರಲಿದೆ. ಅಂದು ಎತ್ತೂ ಡ್ರ್ಯಾಗನ್ನಿನ ಸಾಲಿಗೆ ಸೇರುತ್ತದೆ.

ಹಾಗಾಗದಿರಲಿ ಎನ್ನುವುದು ಸುಲಭ, ಟ್ರ್ಯಾಕ್ಟರನ್ನು ಬಿಡಿ ಎಂದು ರೈತನಿಗೆ ಹೇಳುವ ಹಕ್ಕು ನಮಗಿಲ್ಲ. ಇಷ್ಟಂತೂ ಮಾಡಬಹುದು. ಬರುವ ಅಮಾವಾಸ್ಯೆಗೆ ಬಣ್ಣದ ಜೋಡಿ ಕೊಳ್ಳುವ ಬದಲು ಒಂದು ಮುದ್ದೆ ಎರೆಮಣ್ಣು ತಂದು ಮಕ್ಕಳ ಕೈಗೆ ಕೊಡಬಹುದು. ಕೋಡು ಸೊಟ್ಟಾದರೆ ಆಗಲಿ. ಮರುದಿನ ಕುಂಟೆತ್ತು ಬಾಗಿಲಿಗೆ ಬಂದಾಗ ಟಿವಿಯಿಂದ ಕಣ್ಣು ಕಿತ್ತು, ಎದ್ದು ಹೋಗಿ, ಅದರ ಕಾಲಿಗೆ ಏನಾಯಿತೆಂದು ಹುಡುಗರನ್ನು ಒಂದು ಮಾತು ಕೇಳಬಹುದು. ಅವರು ಹೇಳುವ ಕಥೆ ಕೇಳಿದ ಮೇಲೆ ಜೋಳ ನೀಡಿದರಾಯಿತು.